ಕಡಲಾಚೆಯಿಂದ ಬಂದ ಪ್ರಶ್ನೆ

ಶಿಕ್ಷಕರಾಗಲಿರುವವರೂ ಅವರಿಗೆ ಕಲಿಸುವ ಅಧ್ಯಾಪಕರೂ ಪರದೇಶದ ಶಾಲೆಗಳನ್ನು ನೋಡಿ ಬರುವುದರಿಂದ ಏನು ಪ್ರಯೋಜನವೆಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ. ಈಗ ಅವಳೇ ಬಿ.ಎಡ್. ಕಾಲೇಜಿನಲ್ಲಿ ಅಧ್ಯಾಪಕಿ.

ಮೈಸೂರಿನ ಉದಾಹರಣೆಯೇ ಸಾಕು. 1963ರಲ್ಲಿ ಅಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯಕ್ಕೆ ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾಲಯದ ನೆರವಿತ್ತು. ಅಲ್ಲಿಂದ ತಜ್ಞರು ಬಂದರು; ಇಲ್ಲಿಂದ ಅಧ್ಯಾಪಕರು ಹೋಗಿ ಬಂದರು. ವಿಷಯಜ್ಞಾನ, ಬೋಧನಕ್ರಮ ಎರಡನ್ನೂ ನಾಲ್ಕು ವರ್ಷ ಒಟ್ಟಿಗೆ ಕಲಿಸುವ ಪದವಿ, ಶಾಲೆಯಲ್ಲೇ ಇದ್ದು ಕಲಿಯುವ ಇಂಟರ್ನ್‌ಶಿಪ್, ಆವರಣದಲ್ಲೇ ಒಂದು ಪ್ರಾತ್ಯಕ್ಷಿಕ ಶಾಲೆ, ಇವು ಅಲ್ಲಿ ಬೇರೂರಿದವು. ಅಂಥದೇ ನಾಲ್ಕು ವರ್ಷದ ಪದವಿಯನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇಡೀ ದೇಶಕ್ಕೆ ಸೂಚಿಸಿದೆ.

ನಾನು ಕಡಲು ದಾಟಿದವನಲ್ಲ. ಆದರೆ ನಾನು ಬಿ.ಎಡ್. ಓದುವಾಗ ನಮಗಿದ್ದ ಮೇಷ್ಟರೊಬ್ಬರು ವಿದೇಶದಲ್ಲಿ ತರಬೇತಿ ಪಡೆದು ಬಂದವರು. ನಮ್ಮ ಅಭ್ಯಾಸಪಾಠ ಮುಗಿದೊಡನೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಕೊನೆಯ ಬೆಂಚಿನ ಹುಡುಗ ಇವತ್ತು ಏನು ಕಲಿತ?" ಅರವತ್ತು ಮಕ್ಕಳು ಕಿಕ್ಕಿರಿದ ಹಳ್ಳಿಯ ತರಗತಿಗಳಲ್ಲಿ ಆ ಪ್ರಶ್ನೆ ಮೂವತ್ತು ವರ್ಷ ನನ್ನನ್ನು ಎಚ್ಚರದಲ್ಲಿಟ್ಟಿತು. ನಿಮ್ಮಲ್ಲಿ ಕೆಲವರಿಗೆ ಅದರ ಫಲ ದಕ್ಕಿದೆಯೆಂದು ನಂಬಿದ್ದೇನೆ.

ವಿಮಾನ ಹತ್ತುವ ಯೋಗ ಎಲ್ಲರಿಗೂ ಇರದು. ಹೋಗಿ ಬಂದವರು ಕಂಡದ್ದನ್ನು ನಮ್ಮ ಮಕ್ಕಳಿಗೆ ಒಗ್ಗುವಂತೆ ಮಾರ್ಪಡಿಸಿ, ಸಹೋದ್ಯೋಗಿಗಳಿಗೂ ಶಿಷ್ಯರಿಗೂ ಹಂಚಿದಾಗ ಊರಿನಲ್ಲೇ ಉಳಿದವರಿಗೂ ಪಾಲು ಸಿಗುತ್ತದೆ. ಪ್ರಮಾಣಪತ್ರಕ್ಕೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿ ಸುಮ್ಮನಾದರೆ ಅದು ಅವರ ಮನೆಯ ಅಲಂಕಾರವಷ್ಟೆ. ಅವಕಾಶ ಬಂದರೆ ಹೋಗಿ ಬಾ, ಮಗಳೇ. ಹಿಂತಿರುಗಿದ ಮೇಲೆ ನಮ್ಮದೇ ಒಂದು ಶಾಲೆಯ ಕೊನೆಯ ಬೆಂಚಿನಲ್ಲಿ ಕುಳಿತು ಒಂದು ಪಾಠ ಕೇಳು.