ಅಪ್ಪನ ಎರಡು ಮಾತು

ನನ್ನ ತಂದೆಯವರು ಬದುಕಿರುವಷ್ಟು ಕಾಲ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದಿತ್ತು. ಒಂದು, ಕಾಸರಗೋಡು ಕನ್ನಡನಾಡಿಗೆ ಸೇರಲೇಬೇಕು. ಎರಡು, ಕೇರಳಕ್ಕೆ ಸೇರಿದ್ದರಿಂದ ನಮಗೆ ನಾಲ್ಕು ಮುಡಿ ಗದ್ದೆ ಉಳಿಯಿತು. ಚಿಕ್ಕವನಾಗಿದ್ದಾಗ ನನಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಕಾಲೇಜಿಗೆ ಹೋದ ಮೇಲೆ, ಅಪ್ಪನಿಗೆ ರಾಜಕೀಯ ತಿಳಿಯದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡೆ. ಈಗ ಎಪ್ಪತ್ತರ ಹೊಸ್ತಿಲಲ್ಲಿ ನಿಂತು ನೋಡಿದರೆ, ತಿಳಿಯದೇ ಇದ್ದವನು ನಾನೇ ಎಂದು ಅನಿಸುತ್ತದೆ.

ಪರಕೀಯರ ಆಳ್ವಿಕೆ ಮುಗಿದಾಗ ಅವರು ಎಳೆದ ಗೆರೆಗಳು ಉಳಿದವು, ಆ ಗೆರೆಗಳೇ ಜನರನ್ನು ಸೀಳಿದವು ಎಂದು ಆಫ್ರಿಕದ ಬಗ್ಗೆ, ಪಂಜಾಬು ಬಂಗಾಳಗಳ ಬಗ್ಗೆ ಓದುತ್ತೇವೆ. ನಮ್ಮ ಕತೆ ತುಸು ತಿರುವುಮುರುವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಕಂಪೆನಿ ಸರಕಾರದ ಕೈಸೇರಿತು. ಕಂದಾಯ ಗೊತ್ತುಮಾಡಲು ಥಾಮಸ್ ಮನ್ರೋ ಬಂದ. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಕೊಟ್ಟರೂ ದಕ್ಷಿಣ ಕನ್ನಡವನ್ನು ಮದರಾಸಿನಲ್ಲೇ ಇಟ್ಟುಕೊಂಡರು. ಆ ಕಾಲದುದ್ದಕ್ಕೂ ನಮ್ಮ ತಾಲೂಕು ಮಂಗಳೂರಿನ ಜತೆಗೇ ಇತ್ತು. ಜಿಲ್ಲೆಯ ಗಡಿ ನಮ್ಮ ತೆಂಕಣಕ್ಕಿತ್ತು, ಅದರಾಚೆ ಮಲಬಾರು. ತಲಪಾಡಿಯಲ್ಲಿ, ನಮ್ಮ ಬಡಗಣಕ್ಕೆ, ಗಡಿ ಎಂಬುದೊಂದು ಬಂದದ್ದು 1956ರ ನವೆಂಬರ್ 1ರಂದು, ಸ್ವತಂತ್ರ ಭಾರತದ ಕಾನೂನಿನಿಂದ. ಹಾಗೆಂದು ಇಂಗ್ಲಿಷರ ಗೆರೆ ನ್ಯಾಯದ್ದೆಂದೂ ಅಲ್ಲ. ಚಂದ್ರಗಿರಿಯ ತೆಂಕಣದ ಮಲಯಾಳಿಗಳನ್ನು ಅವರು ಮಂಗಳೂರಿನ ಕಚೇರಿಗೆ ಕಟ್ಟಿಹಾಕಿದ್ದರು. ಆ ಜನರ ದುಃಖವನ್ನು ನಮ್ಮವರು ಭಾಷಣಗಳಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ.

ಫಜಲ್ ಆಲಿ ಆಯೋಗ ತಾಲೂಕನ್ನು ಇಡಿಯಾಗಿ ತೂಗಿತು. ಇಡಿಯಾಗಿ ತೂಗಿದರೆ ಮಲಯಾಳ ಮನೆಮಾತಿನವರೇ ಹೆಚ್ಚು. ನಮ್ಮಂಥವರು ಮನೆಯಲ್ಲಿ ತುಳು, ಶಾಲೆಯಲ್ಲಿ, ಯಕ್ಷಗಾನದಲ್ಲಿ, ಭಜನೆಯಲ್ಲಿ ಕನ್ನಡ. ಜನಗಣತಿಯವನು ಬಂದು ಮನೆಮಾತು ಯಾವುದೆಂದು ಕೇಳಿದರೆ ಅಜ್ಜಿ ಸುಳ್ಳು ಹೇಳಿಯಾಳೆ? ಲೆಕ್ಕದಲ್ಲಿ ತುಳುವರೇ ಬೇರೆ, ಕನ್ನಡಿಗರೇ ಬೇರೆಯಾದರು. ಆಯೋಗದ ಮೂವರಲ್ಲಿ ಕೆ. ಎಂ. ಪಣಿಕ್ಕರ್ ಒಬ್ಬರಾಗಿದ್ದರು ಎಂಬುದನ್ನು ನಮ್ಮೂರ ಕಟ್ಟೆಯಲ್ಲಿ ಇಂದಿಗೂ ಹೇಳುತ್ತಾರೆ. ಒಬ್ಬರ ಮೇಲೆ ಹೊರಿಸಿಬಿಟ್ಟರೆ ದುಃಖ ಹಗುರಾಗುತ್ತದೆ, ಅಷ್ಟೇ.

ಅಪ್ಪ ಚಾಲಗೇಣಿ ಒಕ್ಕಲು. ಮೂಲಗೇಣಿಯವನಿಗಾದರೆ ಬುಡ ಗಟ್ಟಿ. ಚಾಲಗೇಣಿಯವನು ಧಣಿಗಳ ಮುಖ ನೋಡಿ ಬದುಕಬೇಕು. ಗೇಣಿಯ ಅಕ್ಕಿಮುಡಿ ಒಂದು ವರ್ಷ ತಪ್ಪಿದರೆ ಮರುವರ್ಷ ಗದ್ದೆಯಲ್ಲಿ ಬೇರೊಬ್ಬನ ನೇಗಿಲು. ನಮ್ಮ ಧಣಿಗಳು ಅಪ್ಪಟ ಕನ್ನಡಿಗರು, ಏಕೀಕರಣದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದವರು. ಅಪ್ಪ ಅದೇ ಸಭೆಯಲ್ಲಿ ಹಿಂದೆ, ಹೆಗಲ ಮೇಲಿನ ಬೈರಾಸನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದರು. 1957ರ ಚುನಾವಣೆಯಲ್ಲಿ ಮಂಜೇಶ್ವರದಿಂದ ಉಮೇಶ ರಾಯರು ಕೇರಳ ವಿಧಾನಸಭೆಗೆ ಅವಿರೋಧವಾಗಿ ಆಯ್ಕೆಯಾದಾಗ ಇಬ್ಬರೂ ಸಂತೋಷಪಟ್ಟರು. ಅದೇ ಏಪ್ರಿಲ್‌ನಲ್ಲಿ ಅಧಿಕಾರಕ್ಕೆ ಬಂದ ಇ. ಎಂ. ಎಸ್. ಸರಕಾರ ಒಂದೇ ವಾರದೊಳಗೆ ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. ಆಗ ಸಂತೋಷಪಟ್ಟದ್ದು ಅಪ್ಪ ಒಬ್ಬರೇ. ಅದೂ ಬಾಯಿಬಿಟ್ಟು ಹೇಳುವಂತಿರಲಿಲ್ಲ.

ಮಹಾಜನ ವರದಿಯ ಕಾಲಕ್ಕೆ ನಾನು ಕನ್ನಡ ಶಾಲೆಯ ಹುಡುಗ. 1966ರ ಅಕ್ಟೋಬರದಲ್ಲಿ ಆಯೋಗ ನೇಮಕವಾಯಿತು. 1967ರ ಆಗಸ್ಟಿನಲ್ಲಿ ವರದಿ ಬಂತು. ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಬಡಗಣ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂಬ ಸುದ್ದಿಯನ್ನು ಮೇಷ್ಟ್ರು ತರಗತಿಯಲ್ಲಿ ಓದಿ ಹೇಳಿದಾಗ ಅವರ ಕಣ್ಣು ತುಂಬಿತ್ತು. ಅಂದು ಮಧ್ಯಾಹ್ನ ಶಾಲೆಗೆ ರಜೆ. ಇನ್ನು ವಾರದೊಳಗೆ ನಾವೆಲ್ಲ ಮೈಸೂರಿನವರಾಗುತ್ತೇವೆಂದು ನಂಬಿ ಮನೆಗೆ ಓಡಿದ್ದು ನೆನಪಿದೆ. ಕೇರಳ ವರದಿಯನ್ನು ಒಪ್ಪಲಿಲ್ಲ. ಕೇಂದ್ರ ಅದನ್ನು ಜಾರಿ ಮಾಡಲಿಲ್ಲ. ವರದಿ ಕೊಟ್ಟವರು ಆ ವರ್ಷದ ಕೊನೆಗೆ ತೀರಿಕೊಂಡರು.

ಆ ಮೆಹರ್ ಚಂದ್ ಮಹಾಜನರು ಯಾರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. 1947ರಲ್ಲಿ ರ್‍ಯಾಡ್‌ಕ್ಲಿಫ್ ಅಧ್ಯಕ್ಷತೆಯಲ್ಲಿ ಪಂಜಾಬಿನ ಗಡಿ ಗುರುತಿಸಲು ಕುಳಿತ ನಾಲ್ವರು ನ್ಯಾಯಾಧೀಶರಲ್ಲಿ ಅವರೊಬ್ಬರು. ಅದು ಮುಗಿದು ಎರಡು ತಿಂಗಳಿಗೆ, ಜಮ್ಮು ಕಾಶ್ಮೀರ ಭಾರತಕ್ಕೆ ಸೇರುವಾಗ, ಮಹಾರಾಜನ ಪ್ರಧಾನಿಯಾಗಿದ್ದವರೂ ಅವರೇ. ಆಮೇಲೆ ದೇಶದ ಮುಖ್ಯ ನ್ಯಾಯಮೂರ್ತಿ. ಬದುಕಿನ ಕೊನೆಗೆ ಅವರ ಮೇಜಿನ ಮೇಲೆ ನಮ್ಮ ಹೊಳೆಯ ನಕಾಶೆ ಬಂತು. ಪಂಜಾಬಿನಲ್ಲಿ ಗೆರೆ ಬಿದ್ದಾಗ ಏನಾಯಿತೆಂಬುದನ್ನು ಕಣ್ಣಾರೆ ಕಂಡ ಮನುಷ್ಯ ಚಂದ್ರಗಿರಿಯ ಮೇಲೆ ಬೆರಳಿಟ್ಟಾಗ ಏನು ಯೋಚಿಸಿರಬಹುದು? ನಮ್ಮಲ್ಲಿ ಗೆರೆ ಬಿದ್ದಾಗ ಮನೆಗಳು ಉರಿಯಲಿಲ್ಲ. ಯಾರೂ ಗಂಟುಮೂಟೆ ಕಟ್ಟಿಕೊಂಡು ತಲಪಾಡಿ ದಾಟಲಿಲ್ಲ. ಈ ಭಾಗ್ಯವನ್ನು ನಮ್ಮ ಹೋರಾಟದ ಚರಿತ್ರೆಯಲ್ಲಿ ಎಲ್ಲಿ ಬರೆಯಬೇಕೋ!

ಭೂಮಿಯ ಮಾತಿಗೆ ಬರುತ್ತೇನೆ. ಕೇರಳದ ತಿದ್ದುಪಡಿ ಕಾನೂನು 1970ರ ಜನವರಿ 1ಕ್ಕೆ ಜಾರಿಗೆ ಬಂತು. ಅಪ್ಪ ಅರ್ಜಿ ಹಾಕಿದರು. ಒಂದೆರಡು ವರ್ಷ ಅಲೆದ ಮೇಲೆ ಪಟ್ಟೆಯ ಕಾಗದ ಬಂತು, ಮಲಯಾಳದಲ್ಲಿ. ಅಪ್ಪನಿಗೆ ಅಕ್ಷರ ಬರುತ್ತಿದ್ದದ್ದು ಕನ್ನಡದ್ದು ಮಾತ್ರ. ನನಗೂ ಅಷ್ಟೇ. ತೋಡಿನ ಆಚೆ ಬೀಡಿ ಕಟ್ಟುವ ಮಲಯಾಳಿಯೊಬ್ಬರಿದ್ದರು. ಕಟ್ಟುವವರಿಗೆಲ್ಲ ದಿನಾ ಪತ್ರಿಕೆ ಓದಿ ಹೇಳುವುದೂ ಅವರದೇ ಕೆಲಸ. ಅವರು ಎಲೆಯ ತಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು, ಸರ್ವೆ ನಂಬ್ರದಿಂದ ಹಿಡಿದು ಮೊಹರಿನವರೆಗೆ ಓದಿದರು. ಓದಿ ಮುಗಿಸಿ, "ಇನ್ನು ನಿಮ್ಮನ್ನು ಯಾರೂ ಎಬ್ಬಿಸಲಾರರು ಅಣ್ಣಾ" ಎಂದು ತುಳುವಿನಲ್ಲಿ ಹೇಳಿದರು. ಅಪ್ಪ ಆ ಕಾಗದವನ್ನು ಕಣ್ಣಿಗೊತ್ತಿಕೊಂಡರು. ತನಗೆ ಓದಲಾಗದ ಕಾಗದ.

ವಿಟ್ಲದ ಕಡೆ ಗೇಣಿಗಿದ್ದ ಚಿಕ್ಕಪ್ಪನಿಗೆ ಈ ಅದೃಷ್ಟವಿರಲಿಲ್ಲ. ಅತ್ತ ಡಿಕ್ಲರೇಶನ್ ಕಾನೂನು ಬಂದದ್ದು 1974ರಲ್ಲಿ. ಅಷ್ಟರೊಳಗೆ, 1972ರಲ್ಲೇ, ಭೂಮಿಯನ್ನು ತಾನಾಗಿ ಬಿಟ್ಟುಕೊಟ್ಟಿದ್ದೇನೆ ಎಂಬ ಕಾಗದಕ್ಕೆ ಅವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಕಾಗದ ಕನ್ನಡದಲ್ಲಿತ್ತು. ಓದಿ ಹೇಳುವವರು ಬೇಕಾದಷ್ಟಿದ್ದರು, ಯಾರೂ ಹೇಳಲಿಲ್ಲ. ಚಿಕ್ಕಪ್ಪ ಕೊನೆಯವರೆಗೆ ನಮ್ಮಲ್ಲೇ ಇದ್ದರು, ಕಂಗಿಗೆ ನೀರು ಬಿಡುತ್ತಾ.

ಆದರೆ ಅಪ್ಪನ ಮೊದಲ ಮಾತೂ ಸುಳ್ಳಲ್ಲ. ಕನ್ನಡದಲ್ಲಿ ಅರ್ಜಿ ಬರೆದರೆ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ನಮಗೆ 1969ರ ಕಾನೂನಿನಲ್ಲೇ ಇದೆ. ನಾನು ಬರೆದ ಕನ್ನಡ ಅರ್ಜಿಗಳಲ್ಲಿ ಎಷ್ಟಕ್ಕೆ ಕನ್ನಡದಲ್ಲಿ ಉತ್ತರ ಬಂದಿದೆ ಎಂದು ಎಣಿಸಲು ಒಂದು ಕೈಯ ಬೆರಳು ಸಾಕು. ಮಲಯಾಳ ಬಾರದೆಂಬ ಒಂದೇ ಕಾರಣಕ್ಕೆ ನನ್ನ ತಂಗಿಗೆ ಕೈತಪ್ಪಿದ ಕೆಲಸವನ್ನು ನಾನು ಮರೆತಿಲ್ಲ. ಮೂವತ್ತೈದು ದಾಟಿದ ಮೇಲೆ ಮಗನ ಪಾಠಪುಸ್ತಕ ಹಿಡಿದು ನಾನು ಮಲಯಾಳ ಕಲಿತೆ, ಮೊದಲು ಸಿಟ್ಟಿನಿಂದ. ಕಾಸರಗೋಡಿಗಾಗಿ ಜೀವಮಾನವಿಡೀ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಗಳು ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದವರು ಎಂದು ತಿಳಿದಾಗ ಆ ಸಿಟ್ಟಿಗೆ ಸ್ವಲ್ಪ ನಾಚಿಕೆಯಾಯಿತು.

2020ರ ಮಾರ್ಚಿಯಲ್ಲಿ ಕರ್ನಾಟಕ ತಲಪಾಡಿಯ ದಾರಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಗಡಿಯಲ್ಲಿ ನಿಂತರು, ಕೆಲವರು ದಾರಿಯಲ್ಲೇ ತೀರಿಕೊಂಡರು. ವಾರಕ್ಕೆರಡು ಸಲ ಮಂಗಳೂರಿನಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಅದೇ ತಂಗಿಯನ್ನು ತೆಂಕಣಕ್ಕೆ, ಕಣ್ಣೂರಿನ ಕಡೆಗೆ, ಕರೆದುಕೊಂಡು ಹೋದೆ. ಚಂದ್ರಗಿರಿ ಸೇತುವೆಯ ಮೇಲೆ ಅವಳು, "ಅಪ್ಪ ಇರುತ್ತಿದ್ದರೆ ಈಗ ಎಂತ ಹೇಳುತ್ತಿದ್ದರು?" ಎಂದು ಕೇಳಿದಳು. ನಾನು ಉತ್ತರಿಸಲಿಲ್ಲ. ರೋಗ ದೊಡ್ಡದು, ಹೆದರಿಕೆ ಎಲ್ಲರಿಗೂ ಇತ್ತು ಎಂಬುದು ನನಗೂ ಗೊತ್ತು. ಆದರೂ ಮಣ್ಣು ಸುರಿದದ್ದು ನಾವು ಸೇರಬೇಕೆಂದು ಹಂಬಲಿಸಿದ ನಾಡು.

ಕಳೆದ ವರ್ಷ ತಂಗಿಯ ಹೆಸರಿಗೆ ಅರ್ಧ ಗದ್ದೆ ಬರೆಯಲು ವಿಲ್ಲೇಜ್ ಆಫೀಸಿಗೆ ಹೋದೆ. ಪಟ್ಟೆಯ ಜತೆಗಿದ್ದ ಹಳೆಯ ಗೇಣಿಚೀಟು ಕನ್ನಡದ್ದು. ಅಲ್ಲಿದ್ದ ಹುಡುಗ ತೆಂಕಣ ಜಿಲ್ಲೆಯವನು, ಕಾಗದವನ್ನು ಆಚೀಚೆ ತಿರುಗಿಸಿ ನೋಡಿ, "ಮಾಷೇ, ಇದರಲ್ಲಿ ಏನಿದೆ, ಒಂದಿಷ್ಟು ಓದುತ್ತೀರಾ?" ಎಂದು ಮಲಯಾಳದಲ್ಲಿ ಕೇಳಿದ. ಓದಿದೆ, ಅರ್ಥ ಹೇಳಿದೆ, ಅವನು ಬರೆದುಕೊಂಡ. ಚಾಲಗೇಣಿ ಎಂಬಲ್ಲಿ ಪೆನ್ನು ನಿಲ್ಲಿಸಿ, ಹಾಗೆಂದರೇನು ಎಂದ. ನಿಮ್ಮ ವೆರುಂಪಾಟ್ಟದ ಹಾಗೆ ಎಂದೆ. ಸ್ವಲ್ಪ ಯೋಚಿಸಿ, ಕಾಗದದಲ್ಲಿ ಇದ್ದ ಶಬ್ದವೇ ಇರಲಿ ಎಂದು ಮಲಯಾಳದ ಅಕ್ಷರದಲ್ಲಿ 'ಚಾಲಗೇಣಿ' ಎಂದೇ ಬರೆದು, ಸರಿಯಾಯಿತೇ ಎಂದು ನನ್ನ ಕಡೆಗೆ ತಿರುಗಿಸಿದ. ದೀರ್ಘವೊಂದು ತಪ್ಪಿತ್ತು. ತಿದ್ದಿ ಕೊಟ್ಟೆ.