ಸಾಗರದ ಮನೆಗೆ ಒಂದು ಸುರಂಗ

ಪುಣೆಯ ನಮ್ಮ ಮನೆಯ ಇಂಟರ್ನೆಟ್ ಸಂಪರ್ಕಕ್ಕೆ ಸ್ವಂತ ವಿಳಾಸವಿಲ್ಲ. ಸಾಗರದಲ್ಲಿರುವ ಅಪ್ಪನ ಮನೆಯ ಸಂಪರ್ಕಕ್ಕೂ ಇಲ್ಲ. ಐಪಿವಿ4 ಎಂಬ ಹಳೆಯ ಪದ್ಧತಿಯಲ್ಲಿ ಇರುವ ವಿಳಾಸಗಳೇ ಸುಮಾರು 429 ಕೋಟಿ. ಜಗತ್ತಿನ ಮನೆಗಳಿಗೂ ಫೋನುಗಳಿಗೂ ಅವು ಸಾಲದಾಗಿ ಬಹುಕಾಲವಾಯಿತು. ಆದ್ದರಿಂದ ಸೇವೆ ಕೊಡುವ ಕಂಪನಿಗಳು ಅನೇಕ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಿ, ಒಳಗೊಳಗೆ 100.64ರಿಂದ 100.127ರವರೆಗಿನ ಸಂಖ್ಯೆಗಳನ್ನು ಹಂಚಿ ಸುಮ್ಮನಾಗುತ್ತವೆ. ಇಂಥ ಮನೆಯಿಂದ ಹೊರಗೆ ಹೋಗಬಹುದು. ಹೊರಗಿನವರು ವಿಳಾಸ ಹಿಡಿದು ಬಾಗಿಲಿಗೆ ಬರುವಂತಿಲ್ಲ. ಇಪ್ಪತ್ತು ವರ್ಷಗಳಲ್ಲಿ ಐದು ಬಾಡಿಗೆ ಮನೆ ಬದಲಿಸಿದ ನನಗೆ ಈ ಸ್ಥಿತಿ ಅಪರಿಚಿತವೇನಲ್ಲ.

ನನಗೆ ಬೇಕಿದ್ದದ್ದು ದೊಡ್ಡದೇನಲ್ಲ. ಅಮ್ಮ ಹೇಳುತ್ತಿದ್ದ ಹಸೆ ಹಾಡುಗಳನ್ನೂ ಆರತಿ ಹಾಡುಗಳನ್ನೂ ಅಪ್ಪ ಬಹಳ ಹಿಂದೆ ಹನ್ನೊಂದು ಕ್ಯಾಸೆಟ್‌ಗಳಲ್ಲಿ ಹಿಡಿದಿಟ್ಟಿದ್ದರು. ಅಮ್ಮ ಹೋದ ಮರುವರ್ಷ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಅಜ್ಜನ ಲೆಕ್ಕದ ಪುಸ್ತಕಗಳ ಹಾಗೂ ಹಳೆಯ ಫೋಟೋಗಳ ಸ್ಕ್ಯಾನ್ ಪ್ರತಿಗಳ ಜೊತೆಗೆ ಸಾಗರದ ಮನೆಯಲ್ಲೇ ಒಂದು ರಾಸ್ಪ್‌ಬೆರಿ ಪೈ ಯಂತ್ರದಲ್ಲಿ ಇರಿಸಿದೆವು. ಅಂಗೈಯಗಲದ ಆ ಪೆಟ್ಟಿಗೆ ದೇವರ ಕೋಣೆಯ ಪಕ್ಕದ ಗೂಡಿನಲ್ಲಿ ಕೂತಿದೆ. ಪುಣೆಯಿಂದ ನಾನು, ಚೆನ್ನೈಯಿಂದ ತಂಗಿ, ಎಲ್ಲಿದ್ದರೂ ಅಪ್ಪ, ಮೂವರೂ ಅದನ್ನು ತೆರೆಯುವಂತಾಗಬೇಕು. ನಾಲ್ಕನೆಯವರಿಗೆ ಅದು ಇರುವುದೇ ತಿಳಿಯಬಾರದು. ದೊಡ್ಡ ಕಂಪನಿಯೊಂದರ ಮೋಡದಲ್ಲಿ ಹಾಕಿಬಿಡಬಹುದಲ್ಲ ಎಂದು ಗೆಳೆಯರು ಹೇಳಿದರು. ಹಾಕಬಹುದು. ಆದರೆ ಆ ದನಿ ಆ ಮನೆಯಲ್ಲೇ ಇರಲಿ ಎಂಬುದು ಅಪ್ಪನ ಇಚ್ಛೆಯಾಗಿತ್ತು. ಅದಕ್ಕೆ ನಾನು ಎದುರು ವಾದ ಹುಡುಕಲಿಲ್ಲ.

ವಿಳಾಸವಿಲ್ಲದ ಎರಡು ಮನೆಗಳು ಭೇಟಿಯಾಗಲು ವಿಳಾಸವಿರುವ ಮೂರನೆಯದೊಂದು ಕಟ್ಟೆ ಬೇಕು. ಮುಂಬೈಯ ಡೇಟಾ ಸೆಂಟರ್ ಒಂದರಲ್ಲಿ ತಿಂಗಳಿಗೆ ನಾಲ್ಕೈದು ನೂರು ರೂಪಾಯಿ ಬಾಡಿಗೆಗೆ ಒಂದು ಪುಟ್ಟ ಲಿನಕ್ಸ್ ಸರ್ವರ್ ಹಿಡಿದೆ. ಒಂದು ಪ್ರೊಸೆಸರ್, ಒಂದು ಜಿಬಿ ಮೆಮೊರಿ, ಮೇಲೆ ಡೆಬಿಯನ್ 12. ವಿಪಿಎನ್ ಕೆಲಸಕ್ಕೆ ಇದು ಧಾರಾಳವಾಯಿತು.

ತಂತ್ರಾಂಶವಾಗಿ ಆರಿಸಿಕೊಂಡದ್ದು ವೈರ್‌ಗಾರ್ಡ್. 2001ರಲ್ಲಿ ಹೊರಬಂದ ಓಪನ್‌ವಿಪಿಎನ್ ಇನ್ನೂ ದುಡಿಯುತ್ತಿದೆ, ಅದನ್ನು ಹಳಿಯುವ ಕಾರಣವಿಲ್ಲ. ಆದರೆ ಅದರ ಸಂರಚನೆಯ ಕಡತ ಓದುವುದೆಂದರೆ ಕಂದಾಯ ಇಲಾಖೆಯ ಸುತ್ತೋಲೆ ಓದಿದ ಹಾಗೆ. ಜೇಸನ್ ಡೊನೆನ್‌ಫೆಲ್ಡ್ ರಚಿಸಿದ ವೈರ್‌ಗಾರ್ಡ್ ಸುಮಾರು ನಾಲ್ಕು ಸಾವಿರ ಸಾಲುಗಳ ಚಿಕ್ಕ ಕೃತಿ. 2020ರ ಮಾರ್ಚ್‌ನಲ್ಲಿ ಬಂದ 5.6ನೆಯ ಆವೃತ್ತಿಯಿಂದ ಅದು ಲಿನಕ್ಸ್ ಕರ್ನಲ್‌ನ ಭಾಗವೇ ಆಗಿದೆ. ಅದರಲ್ಲಿ ಬಳಕೆದಾರರ ಹೆಸರೂ ಇಲ್ಲ, ಪಾಸ್‌ವರ್ಡ್ ಕೂಡ ಇಲ್ಲ. ಪ್ರತಿಯೊಂದು ಯಂತ್ರಕ್ಕೂ ಒಂದು ಜೋಡಿ ಕೀಲಿ: ಗುಟ್ಟಾಗಿ ಇಟ್ಟುಕೊಳ್ಳುವುದೊಂದು, ಇನ್ನೊಬ್ಬರಿಗೆ ಕೊಡುವುದೊಂದು. ಬರೆದರೆ ತಲಾ ನಲವತ್ತನಾಲ್ಕು ಅಕ್ಷರ. ಸರ್ವರ್‌ನ ಕಡತದಲ್ಲಿ ಯಾರ ಬಹಿರಂಗ ಕೀಲಿ ಇದೆಯೋ ಅವರಿಗೆ ಮಾತ್ರ ಉತ್ತರ. ಉಳಿದವರು ಬಾಗಿಲು ಬಡಿದರೆ 'ಯಾರು' ಎಂದು ಕೂಡ ಕೇಳುವುದಿಲ್ಲ. ಒಳಗೆ ಯಾರೂ ಇಲ್ಲವೆಂಬಂತೆ ಮೌನ. ಈ ಮೌನವೇ ನನ್ನನ್ನು ಬಹುವಾಗಿ ಸೆಳೆದದ್ದು.

ಅದರ ಪಕ್ಕದಲ್ಲೇ ಎಸ್‌ಎಸ್‌ಎಚ್‌ನ ಬಾಗಿಲನ್ನು ನೋಡಬೇಕು. ಸರ್ವರ್ ಎದ್ದ ಒಂದು ಗಂಟೆಯೊಳಗೆ 22ನೆಯ ಪೋರ್ಟ್‌ನಲ್ಲಿ ಎಲ್ಲೆಲ್ಲಿಯದೋ ಯಂತ್ರಗಳು 'ರೂಟ್', 'ಅಡ್ಮಿನ್' ಎಂದು ಊಹಿಸಿಕೊಂಡು ಚಿಲಕ ಅಲ್ಲಾಡಿಸತೊಡಗಿದ್ದವು. ಇದರಲ್ಲಿ ದ್ವೇಷವೇನಿಲ್ಲ, ಸಂತೆಯಲ್ಲಿ ಜೇಬು ತಡವುವವರ ನಿರ್ಲಿಪ್ತ ಶ್ರದ್ಧೆ. ಪಾಸ್‌ವರ್ಡ್ ಪ್ರವೇಶವನ್ನು ಮುಚ್ಚಿ, ಕೀಲಿಯಿಂದ ಮಾತ್ರ ತೆರೆಯುವಂತೆ ಮಾಡಿ, ಕೊನೆಗೆ ಆ ಬಾಗಿಲನ್ನೇ ಸುರಂಗದೊಳಕ್ಕೆ ಸರಿಸಿದೆ. ಹೀಗೆ ಮಾಡುವವರು ಮೊದಲು ಬಾಡಿಗೆದಾರ ಕಂಪನಿಯ ತುರ್ತು ಕನ್ಸೋಲ್ ಕೆಲಸ ಮಾಡುತ್ತದೆಯೇ ಎಂದು ನೋಡಿಕೊಳ್ಳಬೇಕು. ಸುರಂಗ ಕುಸಿದ ದಿನ ಒಳಗೆ ಹೋಗಲು ಬೇರೆ ದಾರಿ ಇರುವುದಿಲ್ಲ.

ಉಳಿದ ಕೆಲಸ ಒಂದು ಮಧ್ಯಾಹ್ನದ್ದು. ಪ್ಯಾಕೆಟ್‌ಗಳನ್ನು ಮುಂದಕ್ಕೆ ಸಾಗಿಸಲು ಕರ್ನಲ್‌ಗೆ ಅನುಮತಿ, ಫೈರ್‌ವಾಲ್‌ನಲ್ಲಿ 51820 ಎಂಬ ಒಂದೇ ಯುಡಿಪಿ ಕಿಂಡಿ, ಸುರಕ್ಷತೆಯ ತಿದ್ದುಪಡಿಗಳು ತಾವಾಗಿಯೇ ಬಂದು ಕೂರುವ ವ್ಯವಸ್ಥೆ. ಒಳಗಿನ ವಿಳಾಸಗಳಿಗೆ 10.73.0 ಎಂಬ ಸರಣಿ ಆರಿಸಿದೆ. 192.168.1 ಬೇಡ, ಅರ್ಧ ಭಾರತದ ಮನೆಗಳ ರೂಟರ್‌ಗಳು ಅದೇ ಸಂಖ್ಯೆಯಲ್ಲಿ ವಾಸವಾಗಿವೆ, ಅಲ್ಲಿಗೆ ಹೋದಾಗ ಯಾವುದು ನಮ್ಮ ಮನೆ, ಯಾವುದು ಅವರ ಮನೆ ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಸಾಗರದ ಪೆಟ್ಟಿಗೆಗೆ ಮಾತ್ರ ಇಪ್ಪತ್ತೈದು ಸೆಕೆಂಡಿಗೊಮ್ಮೆ ಮುಂಬೈಗೆ ಒಂದು ಸಣ್ಣ ಸಂದೇಶ ಕಳಿಸಲು ಹೇಳಿದ್ದೇನೆ. ಇಲ್ಲದಿದ್ದರೆ ನಡುವಿನ ಕಂಪನಿಯ ಉಪಕರಣ ಅದನ್ನು ಮರೆತುಬಿಡುತ್ತದೆ, ಹೊರಗಿನಿಂದ ಕರೆದರೆ ಕೇಳಿಸುವುದಿಲ್ಲ. ತಂಗಿಗೆ ಪುಟ ತೆರೆಯುತ್ತಿತ್ತು, ಹಾಡು ಅರ್ಧಕ್ಕೆ ನಿಲ್ಲುತ್ತಿತ್ತು. ಪ್ಯಾಕೆಟ್‌ನ ಗಾತ್ರವನ್ನು 1420ರಿಂದ 1280ಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಚಿಕ್ಕದು ದಾಟಿ ದೊಡ್ಡದು ಸಿಕ್ಕಿಬೀಳುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ.

ಸ್ವಂತ ವಿಪಿಎನ್ ಎಂದರೆ ಅದೃಶ್ಯನಾಗುವ ವಿದ್ಯೆ ಎಂಬ ನಂಬಿಕೆ ಜಾಹೀರಾತುಗಳಿಂದ ಹರಡಿದೆ. ಅದು ಸುಳ್ಳು. ಮಾರಾಟದ ವಿಪಿಎನ್‌ನಲ್ಲಿ ಒಂದೇ ವಿಳಾಸದ ಹಿಂದೆ ಸಾವಿರಾರು ಜನರ ಜಾತ್ರೆ ಇರುತ್ತದೆ. ನನ್ನ ಸರ್ವರ್‌ನ ಹಿಂದೆ ಇರುವುದು ಒಂದೇ ಕುಟುಂಬ, ಬಾಡಿಗೆಯ ರಸೀದಿ ನನ್ನ ಹೆಸರಿನಲ್ಲಿದೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಸೇವೆಯವರಷ್ಟೇ ಅಲ್ಲ, ಇಂಥ ಸರ್ವರ್‌ಗಳನ್ನು ಬಾಡಿಗೆಗೆ ಕೊಡುವವರೂ ಗ್ರಾಹಕರ ವಿವರಗಳನ್ನು ಐದು ವರ್ಷ ಕಾಯ್ದಿಡಬೇಕು. ಅದನ್ನು ಒಪ್ಪದ ಕೆಲವು ವಿದೇಶಿ ಕಂಪನಿಗಳು ಭಾರತದಿಂದ ತಮ್ಮ ಸರ್ವರ್‌ಗಳನ್ನೇ ತೆಗೆದವು. ನನಗೆ ಅಡಗಬೇಕಿರಲಿಲ್ಲವಾಗಿ ಈ ನಿಯಮ ಬಾಧಿಸಲಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ಸಾಗರದಿಂದ ಬಂದದ್ದು ಮುಂಬೈಯಲ್ಲಿ ಒಮ್ಮೆ ಬಿಚ್ಚಿಕೊಂಡು, ಮತ್ತೆ ಬೀಗ ಹಾಕಿಕೊಂಡು ಪುಣೆಗೆ ಬರುತ್ತದೆ. ಆ ಕ್ಷಣದಲ್ಲಿ ಯಂತ್ರದ ಒಡೆಯನಿಗೆ ಮನಸ್ಸಿದ್ದರೆ ಇಣುಕಬಹುದು. ಆದ್ದರಿಂದ ಹಾಡುಗಳ ಪುಟಕ್ಕೆ ಎಚ್‌ಟಿಟಿಪಿಎಸ್‌ನ ಇನ್ನೊಂದು ಹೊದಿಕೆ ಹಾಕಿದ್ದೇನೆ. ನಂಬಿಕೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಬಹುದು, ಇಲ್ಲವಾಗಿಸಲಾಗದು.

ಇದೆಲ್ಲ ನಾನು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಬಂದದ್ದು ನಿರ್ವಹಣೆಯ ಆಜ್ಞೆಯೊಂದರಲ್ಲಿತ್ತು. 'ಡಬ್ಲ್ಯುಜಿ ಶೋ' ಎಂದು ಬರೆದರೆ ಪ್ರತಿಯೊಂದು ಕೀಲಿಯ ಕೆಳಗೂ ಮೂರು ಸಂಗತಿ ಮೂಡುತ್ತವೆ: ಆತ ಎಲ್ಲಿಂದ ಬಂದ, ಕೊನೆಯ ಕೈಕುಲುಕು ಎಷ್ಟು ಹೊತ್ತಿನ ಹಿಂದೆ, ಎಷ್ಟು ದತ್ತ ಸಾಗಿತು. ಸಾಗರದ ಪೆಟ್ಟಿಗೆಯ ಕೈಕುಲುಕು ಎರಡು ಮೂರು ನಿಮಿಷಕ್ಕಿಂತ ಹಳತಾಗಬಾರದು. ಆದರೆ ಊರಲ್ಲಿ ಕರೆಂಟು ಹೋಗಿದೆ ಎಂದರ್ಥ. ಆಷಾಢದ ಮಳೆಯಲ್ಲಿ ಎಷ್ಟೋ ಸಲ, ಪುಣೆಯ ಆಫೀಸಿನಲ್ಲಿ ಕೂತ ನನಗೆ ಆ ಅಂಕಿಯನ್ನು ನೋಡಿ ಜಂಬಿಟ್ಟಿಗೆಯ ಗೋಡೆಯ ಕತ್ತಲೂ ಹಂಡೆಯೊಲೆಯ ಹೊಗೆಯೂ ಕಣ್ಣಿಗೆ ಕಟ್ಟಿವೆ.

ಅಪ್ಪನ ಫೋನಿನ ಸಾಲು ಬೇರೆ ಬಗೆಯದು. ಅವರ ಫೋನಿನಿಂದ ಸುರಂಗಕ್ಕೆ ಹೋಗುವುದು ಹಾಡುಗಳ ಪುಟವೊಂದೇ. ಎಲ್ಲಿದ್ದರೂ ಒತ್ತಬೇಕಾದದ್ದು ಒಂದೇ ಚಿತ್ರವಿರಲಿ ಎಂದು, ಮನೆಯೊಳಗಿದ್ದಾಗಲೂ ಅದೇ ದಾರಿ ಇರಿಸಿದ್ದೇನೆ. ಪಕ್ಕದ ಕೋಣೆಯ ಹಾಡು ಮುಂಬೈಗೆ ಹೋಗಿ ಹಿಂದಿರುಗಿ ಅವರ ಕಿವಿಗೆ ಬೀಳುತ್ತದೆ. ಅಂದಮೇಲೆ ಕೈಕುಲುಕು ನಡೆದಿದೆ ಎಂದರೆ ಅಪ್ಪ ಅಮ್ಮನ ದನಿ ಕೇಳಿದ್ದಾರೆ ಎಂದೇ ಅರ್ಥ. ಒಂದು ಬೆಳಿಗ್ಗೆ ಆರಕ್ಕೆ, ಕರ್ನಲ್ ಬದಲಾದ ಕಾರಣ ಸರ್ವರ್ ಮರುಚಾಲನೆಗೆ ಮುಂಚೆ ನೋಡಿದಾಗ ಅವರ ಸಾಲಿನಲ್ಲಿ ಎರಡು ಗಂಟೆ ಐವತ್ತು ನಿಮಿಷದ ಹಿಂದೆ ಎಂದಿತ್ತು. ಮೂರು ಗಂಟೆಯ ರಾತ್ರಿ. ಮರುದಿನವೂ ಅದೇ ಆಸುಪಾಸು. ಫೋನಿನಲ್ಲಿ ಮಾತಾಡುವಾಗ ಮಾತ್ರ ಅವರು ಎಂದಿನಂತೆ, "ನಿದ್ದೆಗೇನು, ಒಂಬತ್ತಕ್ಕೆ ಮಲಗಿದರೆ ಬೆಳಗಿನ ತನಕ ಎಚ್ಚರವಿಲ್ಲ" ಎಂದರು.

ಹೊರಗಿನವರ ಕಣ್ಣು ತಪ್ಪಿಸಲು ಕಟ್ಟಿದ ಸುರಂಗದಲ್ಲಿ ಕಣ್ಣಾಗಿ ಉಳಿದವನು ನಾನೊಬ್ಬನೇ. ವೈರ್‌ಗಾರ್ಡ್ ಚರಿತ್ರೆ ಬರೆಯುವುದಿಲ್ಲ, ಕೊನೆಯ ಭೇಟಿಯನ್ನಷ್ಟೇ ನೆನಪಿಡುತ್ತದೆ. ಆದರೆ ಐದು ನಿಮಿಷಕ್ಕೊಮ್ಮೆ ಆ ಅಂಕಿಯನ್ನು ಬರೆದಿಡಲು ಕ್ರಾನ್‌ನಲ್ಲಿ ಒಂದು ಸಾಲು ಸಾಕು. ತಂಗಿಗೆ ಹೇಳಿದೆ. ಆ ಸಾಲು ಹಾಕಿಯೇ ಬಿಡು, ಎರಡು ದಿನ ಅಪ್ಪನ ಸುಳಿವಿಲ್ಲದಿದ್ದರೆ ನಮಗೆ ಸಂದೇಶ ಬರಲಿ, ಎಪ್ಪತ್ತೆಂಟರ ಮನುಷ್ಯ ಒಬ್ಬರೇ ಇದ್ದಾರೆ ಎಂದಳು. ಅವಳ ಮಾತಿನಲ್ಲಿ ಕಾಳಜಿ ಇತ್ತು, ತರ್ಕವೂ ಇತ್ತು. ಆದರೂ ಮನೆಯ ಪೆಟ್ಟಿಗೆಗೆ ಎಚ್ಚರಿಕೆಯ ಗಂಟೆ ಕಟ್ಟಿದಂತೆ ಅಪ್ಪನ ಕೊರಳಿಗೂ ಕಟ್ಟಲು ಅವರನ್ನು ಕೇಳದೆ ನನ್ನ ಕೈ ಮುಂದಾಗಲಿಲ್ಲ. ಗಣೇಶ ಚೌತಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ಅವರಿಗೇ ತೋರಿಸಿ, ಇದರಿಂದ ನಮಗೆ ಏನೇನು ತಿಳಿಯುತ್ತದೆ ಎಂದು ವಿವರಿಸಿದೆ.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಗೊತ್ತಾಗುವುದು ಗೊತ್ತಾಗಲಿ. ಬರೆದಿಡಬೇಡ, ಫೋನ್ ಮಾಡಿ ಕೇಳಲೂ ಬೇಡ" ಎಂದರು. ಆಮೇಲೆ ಅಡಿಕೆ ಕತ್ತರಿಸುತ್ತ, ಏಳನೆಯ ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ಮೂರನೆಯ ಹಾಡು ಕೊನೆಯ ನುಡಿಗೆ ಮೊದಲೇ ಕಡಿದುಹೋಗಿದೆ, ಟೇಪಿನಲ್ಲಿ ಪೂರ್ತಿ ಇತ್ತು, ಇನ್ನೊಮ್ಮೆ ಇಳಿಸಲಾಗುತ್ತದೆಯೇ ಎಂದು ಕೇಳಿದರು. ಕ್ಯಾಸೆಟ್ ಪ್ಲೇಯರ್ ಅಟ್ಟದ ಮೇಲಿತ್ತು. ಏಣಿ ತಂದೆ.