ರಾಯದುರ್ಗದ ಮೇಲಿಂದ ಬಳ್ಳಾರಿಗೆ

ಚಿಕ್ಕಜಾಜೂರಿನಿಂದ ಹೊರಟ ಬಳ್ಳಾರಿ ರೈಲು ಚಿತ್ರದುರ್ಗ, ಚಳ್ಳಕೆರೆ, ಮೊಳಕಾಲ್ಮೂರು ದಾಟಿ ಆಂಧ್ರಕ್ಕೆ ಹೊಕ್ಕು, ರಾಯದುರ್ಗದಲ್ಲಿ ನಿಂತು, ಓಬಳಾಪುರದ ಅದಿರುಗುಡ್ಡಗಳ ಸೀಮೆ ಹಾಯ್ದು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಬಳ್ಳಾರಿ–ರಾಯದುರ್ಗದ ನಡುವೆ ಹಳಿ ಬಿದ್ದಾಗ ಎರಡೂ ಮದ್ರಾಸ್ ಪ್ರಾಂತ್ಯದ ಒಂದೇ ಜಿಲ್ಲೆಯ ಊರುಗಳು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಹಳಿ ಇದ್ದಲ್ಲೇ ಉಳಿಯಿತು. ಆಂಧ್ರದ ರಾಯದುರ್ಗ ಇವತ್ತಿಗೂ ಹುಬ್ಬಳ್ಳಿಯಿಂದ ನಡೆಯುವ ನೈರುತ್ಯ ರೈಲ್ವೆಯದು. ನಮ್ಮ ಕಲಬುರಗಿಯೋ ಸೊಲ್ಲಾಪುರ ವಿಭಾಗದ್ದು! ಈ ಕಡೆಯ ಪ್ಲಾಟ್‌ಫಾರ್ಮುಗಳಲ್ಲಿ ‘ಬಂಡಿ ಒಚ್ಚಿಂದಾ?’ ಎಂದು ತೆಲುಗಿನಲ್ಲಿ ಕೇಳಿದರೆ ‘ಇನ್ನಾ ಇಲ್ರೀ, ಲೇಟಂತೆ’ ಎಂದು ಕನ್ನಡದಲ್ಲಿ ಉತ್ತರ ಬರುತ್ತದೆ. ಬಂಡಿ ಎರಡು ಭಾಷೆಗೂ ಬಂಡಿಯೇ.

ಆ ಬಂಡಿಗಳೇ ಕಡಿಮೆ. ಅದಿರು ಹೊತ್ತ ಗೂಡ್ಸುಗಳಿಗೆ ಬಳಕೆಯಾಗುವ ಹಳಿಯ ಮೇಲೆ ಪ್ರಯಾಣಿಕರ ರೈಲು ಬೆರಳೆಣಿಕೆಯಷ್ಟು. ಕೇಳಿದರೆ ‘ಜನ ಎಲ್ಲಿದ್ದಾರೆ?’ ಎಂಬ ಸಿದ್ಧ ಉತ್ತರ. ನನ್ನ ಪ್ರಕಾರ ಇದು ತಲೆಕೆಳಗಾದ ಲೆಕ್ಕ. ಬಳ್ಳಾರಿಯಲ್ಲೂ ರಾಯದುರ್ಗದಲ್ಲೂ ಜೀನ್ಸ್ ಹೊಲಿಯುತ್ತಾರೆ. ನಂಟಸ್ತಿಕೆ, ಆಸ್ಪತ್ರೆ, ಸಂತೆ ಎಲ್ಲಕ್ಕೂ ಅಲ್ಲಿಂದಿಲ್ಲಿಗೆ ಓಡಾಟವಿದೆ. ಬೆಂಗಳೂರಿಗೆ ಹೋಗುವವರ ಅನುಕೂಲಕ್ಕೆ ವೇಳೆ ಗೊತ್ತುಮಾಡಿ, ಐವತ್ತು ಕಿಲೋಮೀಟರಿನ ಓಡಾಟದವರು ಹತ್ತಲಿಲ್ಲ ಎಂದು ದೂರುವುದು ಅಂಗಡಿ ಮುಚ್ಚಿ ಗಿರಾಕಿ ಇಲ್ಲ ಎಂದಂತೆ.

ಬಸ್ಸಿದೆಯಲ್ಲ ಎನ್ನುವವರಿದ್ದಾರೆ. ಇದೆ, ಆದರೆ ಬಸ್ಸಿಗೆ ಗಡಿ ಗೊತ್ತು. 2023ರ ಜೂನ್‌ನಲ್ಲಿ ಶುರುವಾದ ನಮ್ಮ ‘ಶಕ್ತಿ’ ಯೋಜನೆಯಾಗಲಿ, 2025ರ ಆಗಸ್ಟ್‌ನಲ್ಲಿ ಬಂದ ಆಂಧ್ರದ ‘ಸ್ತ್ರೀ ಶಕ್ತಿ’ಯಾಗಲಿ ಮೂಲತಃ ಆಯಾ ರಾಜ್ಯದೊಳಗಿನ ಓಡಾಟಕ್ಕೆ. ತವರು ಒಂದು ರಾಜ್ಯ, ಗಂಡನ ಮನೆ ಇನ್ನೊಂದು ರಾಜ್ಯವಾದ ಹೆಣ್ಣುಮಗಳಿಗೆ ಎರಡು ಶಕ್ತಿಗಳ ನಡುವೆ ಸಿಗುವುದು ಪೂರ್ತಿ ದುಡ್ಡಿನ ಟಿಕೆಟ್ಟು. ರೈಲು ಯಾವ ರಾಜ್ಯದವರೆಂದು ಕೇಳುವುದಿಲ್ಲ. ನಷ್ಟದ ಮಾತು ಇದಕ್ಕಿಂತ ಗಟ್ಟಿ, ಒಪ್ಪುತ್ತೇನೆ: ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ. 57ರಷ್ಟು ಮಾತ್ರ ವಸೂಲಾಗುತ್ತದೆ ಎಂದು ರೈಲ್ವೆಯೇ ಟಿಕೆಟ್ಟಿನ ಮೇಲೆ ಅಚ್ಚು ಹಾಕಿಸಿದೆ. ಆದರೆ ಅದು ದೇಶದ ಸರಾಸರಿ, ರಾಯದುರ್ಗದ ತಪ್ಪಲ್ಲ. ಉಳಿದದ್ದನ್ನು ತುಂಬಿಕೊಡುವುದು ಗೂಡ್ಸಿನ ಆದಾಯ. ಆ ಗೂಡ್ಸು ಓಡುವುದು ಇಂಥ ಊರುಗಳ ಮೇಲಿಂದಲೇ.

ಪಾವಗಡದ ಮೇಲಿಂದ ಬರುವ ಸುಮಾರು 207 ಕಿಲೋಮೀಟರಿನ ತುಮಕೂರು–ರಾಯದುರ್ಗ ಹೊಸ ಹಳಿ ಮುಗಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಇದೆ. ವೇಳಾಪಟ್ಟಿ ಮತ್ತೆ ದೂರದವರಿಗಾಗಿಯೇ ಬರೆದರೆ ಅದರ ಗತಿಯೂ ಇಷ್ಟೇ. ರೈಲ್ವೆಯವರು ಮೊದಲು ಚಿತ್ರದುರ್ಗ–ಬಳ್ಳಾರಿ ನಡುವೆ ಕೋರ್ಟು, ಕಾಲೇಜಿನ ಹೊತ್ತಿಗೆ ಮುಟ್ಟುವಂತೆ ಬೆಳಿಗ್ಗೆ ಒಂದು, ಸಂಜೆ ಒಂದು ಬಂಡಿ ಆರು ತಿಂಗಳು ಓಡಿಸಲಿ, ಆಮೇಲೆ ತಲೆ ಎಣಿಸಲಿ.